ಅಪ್ಪ ಗಂಡು ಹುಡುಕಿದ್ದು ಯಾರಿಗೆ?

ಅನುಮಾನ ನನಗೆ ಹುಟ್ಟುಗುಣ. ಹಾಲಿನವನು ನಕ್ಕರೆ ನೀರು ಬೆರೆಸಿರಬೇಕು ಅನ್ನುವವಳು ನಾನು. ಆದರೂ ಹತ್ತೊಂಬತ್ತು ವರ್ಷ ಅಪ್ಪನ ಮೇಲೆ ಅನುಮಾನಪಡಲು ನನಗೆ ಒಂದು ಕಾರಣವೂ ಸಿಕ್ಕಿರಲಿಲ್ಲ. ಸಿದ್ಧಕಟ್ಟೆಯಲ್ಲಿ ಅವರದು ಒಂದೇ ಕೋಣೆಯ ಟೈಲರ್ ಅಂಗಡಿ. ನಾನು ಹುಟ್ಟುವ ಮೊದಲಿನಿಂದ ಅವರು ತೀರಿಹೋಗುವವರೆಗೂ ಅದೇ ಕೋಣೆ, ಅದೇ ಎರಡು ಮಿಷನ್. ಮಧ್ಯಾಹ್ನ ಊಟಕ್ಕೆ ಮನೆಗೆ ಬರದ ದಿನವಿಲ್ಲ. ಹೋಟೆಲಿನಲ್ಲಿ ಗೋಳಿಬಜೆ ತಿಂದರೆ ಅಮ್ಮನಿಗೂ ನನಗೂ ಕಟ್ಟಿಸಿಕೊಂಡು ಬರದೆ ಇರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ, ನಾನು ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ, ಇದೇ ಮನುಷ್ಯ ಬುಧವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕತೊಡಗಿದರು. ಇಸ್ತ್ರಿ ಅಂಗಿ ತೊಟ್ಟು ಒಂದು ವಾರ ಬೆಳ್ತಂಗಡಿ ಬಸ್ಸು, ಇನ್ನೊಂದು ವಾರ ಇನ್ನೆಲ್ಲಿಗೋ. ಕೇಳಿದರೆ "ಸ್ವಲ್ಪ ಕೆಲಸ ಉಂಟು" ಅನ್ನುತ್ತಿದ್ದರು. ಎಂಥ ಕೆಲಸ? ನೂಲು, ಗುಂಡಿ ಎಲ್ಲ ಬಂಟ್ವಾಳದಲ್ಲೇ ಸಿಗುತ್ತಿತ್ತು. ಅಮ್ಮ ಕೇಳುತ್ತಲೇ ಇರಲಿಲ್ಲ. ಅದು ನನಗೆ ಇನ್ನಷ್ಟು ಅನುಮಾನ ತಂದಿತು.

ಒಂದು ಬುಧವಾರ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅಪ್ಪ ಯಾರೋ ಮುದುಕರ ಜೊತೆ ಕೂತಿದ್ದು ಕಂಡಿತು. ನಾನು ಬಾಗಿಲ ಮರೆಗೆ ನಿಂತೆ.

"ಹುಡುಗಿಗೆ ಇಪ್ಪತ್ತೆರಡು ತುಂಬಿತು," ಅನ್ನುತ್ತಿದ್ದರು ಅಪ್ಪ. "ಆ ಮನೆ ಬೇಡ ಮಾರಾಯ್ರೆ, ಮಾವ ಕುಡಿಯುತ್ತಾರಂತೆ. ನನ್ನ ಮಗಳು ಅಲ್ಲಿ ಹೇಗೆ ಬಾಳುವುದು? ಬೇರೆ ನೋಡುವ. ಆಟಿಯಲ್ಲೇ ಆಗಬೇಕು."

ನನಗೆ ಹತ್ತೊಂಬತ್ತು, ನಾನು ಒಬ್ಬಳೇ ಮಗಳು. ಮೇಲಾಗಿ ಆಷಾಢದ ಹಾಗೆ ಶುಭಕಾರ್ಯವೇ ನಡೆಯದ ಆಟಿ ತಿಂಗಳಲ್ಲಿ ನಮ್ಮ ಕಡೆ ಯಾರಾದರೂ ಮದುವೆ ಇಟ್ಟುಕೊಳ್ಳುತ್ತಾರೆಯೇ? ಊರಿಗೆ ಗೊತ್ತಾಗಬಾರದ ಮದುವೆಯೇ ಇರಬೇಕು. ಅಲ್ಲಿಗೆ ಎಲ್ಲ ತಾಳೆಯಾಯಿತು: ಇನ್ನೊಂದು ಸಂಸಾರ, ಇನ್ನೊಬ್ಬಳು ಮಗಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ಮರುದಿನ ಕಾಲೇಜು ಬಿಟ್ಟು ಅಂಗಡಿಗೆ ಹೋದೆ. ರವಿಕೆ ಅಳತೆ ಕೊಡಲು ಬಂದ ಹೆಂಗಸೊಬ್ಬರು ಇದ್ದರು, ನಾನು ಲೆಕ್ಕಿಸಲಿಲ್ಲ.

"ಅಪ್ಪ, ನಿಮಗೆ ಇನ್ನೊಬ್ಬಳು ಮಗಳು ಇದ್ದಾಳಾ?"

ಮಿಷನ್ ನಿಂತಿತು.

"ಇದ್ದಾಳೆ," ಅಂದರು ಅಪ್ಪ. ಸಿಕ್ಕಿಬಿದ್ದವರ ಮುಖವೇ ಅಲ್ಲ ಅದು. "ನಿನಗಿಂತ ಮೂರು ವರ್ಷ ದೊಡ್ಡವಳು. ನಲವತ್ತು ದಿನ ಇದ್ದಳು, ಜ್ವರ ಬಂತು. ನಿನಗೆ ಸಂಬಂಧ ನೋಡುವ ಮೊದಲು ಅವಳದ್ದು ಆಗಬೇಡವಾ ಮಗಾ? ಅಕ್ಕ ಕೂತಿರುವಾಗ ತಂಗಿಗೆ ಮಾಡಿದರೆ ಅವಳಿಗೆ ಬೇಸರ ಆಗುವುದಿಲ್ಲವಾ?"

ಕುಲೆ ಮದುವೆ, ಅಂದರೆ ಸತ್ತವರ ಮದುವೆ. ತೀರಿಹೋದ ಮಕ್ಕಳೂ ಆ ಲೋಕದಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಹಾಗೆಯೇ ತೀರಿಹೋದ ಗಂಡು ನೋಡಿ ಮದುವೆ ಮಾಡಬೇಕು, ಅದು ಆಟಿಯಲ್ಲೇ ಆಗಬೇಕು. ಇಷ್ಟೂ ನನಗೆ ಗೊತ್ತಿದ್ದದ್ದೇ. ಆದರೆ ಅದು ಬೇರೆಯವರ ಮನೆಯ ಸಂಗತಿ ಅಂದುಕೊಂಡಿದ್ದೆ.

ನಾಚಿಕೆಯಾಯಿತು. ಆದರೂ ನನ್ನ ಬುದ್ಧಿ ಬಿಡಬೇಕಲ್ಲ, ಮನೆಗೆ ಬಂದು ಅಮ್ಮನನ್ನೂ ವಿಚಾರಿಸಿದೆ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಬೆಳ್ಳಗಿದ್ದಳು. ಮೂಗು ಅಪ್ಪನದ್ದೇ," ಅಂದರು. ಹತ್ತೊಂಬತ್ತು ವರ್ಷ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವ ಧೈರ್ಯ ಬರಲಿಲ್ಲ.

ಕೊನೆಗೆ ಬೆಳ್ತಂಗಡಿ ಕಡೆಯ ನೆರಿಯದ ಒಂದು ಮನೆ ಅಪ್ಪನಿಗೆ ಒಪ್ಪಿಗೆಯಾಯಿತು. ಅಲ್ಲಿಯ ಹುಡುಗ ಎರಡು ವರ್ಷದವನಿದ್ದಾಗ ಹೋದವನು. ಮನೆಯವರು ಒಳ್ಳೆಯವರು, ಅತ್ತೆ ಮೆದು ಮಾತಿನವರು, ಬಾವಿ ಅಂಗಳದಲ್ಲೇ ಉಂಟು ಎಂದು ಅಪ್ಪ ಸಮಾಧಾನಪಟ್ಟರು. ಆಟಿಯಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಎರಡು ಮಣೆ ಹಾಕಿದರು. ಒಂದರ ಮೇಲೆ ಪಂಚೆ, ಅಂಗಿ. ಇನ್ನೊಂದರ ಮೇಲೆ ಸೀರೆ, ಬಳೆ, ಅಪ್ಪನೇ ಹೊಲಿದ ರವಿಕೆ. ಧಾರೆ ಆಯಿತು, ಊಟ ಆಯಿತು.

ಹೊರಡುವ ಹೊತ್ತಿಗೆ ನೆರಿಯದ ಅತ್ತೆ ಸೀರೆಯ ಗಂಟನ್ನು ಎತ್ತಿಕೊಳ್ಳಲು ಬಗ್ಗಿದರು. ಅಷ್ಟು ಹೊತ್ತೂ ಇಪ್ಪತ್ತೆರಡರ ಮದುಮಗಳ ಅಪ್ಪನಾಗಿ ಗಟ್ಟಿ ನಿಂತಿದ್ದವರು ಓಡಿಬಂದು ಅವರ ಕೈ ಹಿಡಿದರು.

"ಮೆಲ್ಲ ಅಕ್ಕ, ತಲೆಗೆ ಒಂದು ಕೈ ಕೊಡಿ," ಅಂದರು. "ಅವಳಿಗೆ ಇನ್ನೂ ಕುತ್ತಿಗೆ ನಿಂತಿಲ್ಲ."