ಅಕ್ಕ ಹಾಕಿದ ಉಗುರುಬಣ್ಣ

ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗಾಲು ಮುರಿದುಕೊಂಡಾಗ ನಾನು ದೊಡ್ಡಗಾಜನೂರಿನ ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಮೊಣಕಾಲಿನ ತನಕ ಸಿಮೆಂಟಿನ ಪಟ್ಟು ಹಾಕಿ, ಕಾಲು ನೆಲಕ್ಕೆ ಊರಬಾರದು ಅಂತ ಹೇಳಿ ಕಳಿಸಿದರು. ಹೊಲದಲ್ಲಿ ಆಗ ಕೋಸು ಕುಯ್ಯುವ ಕೆಲಸ. ಬೆಳಗಾದರೆ ಎಲ್ಲರೂ ಹೊರಟುಬಿಡುತ್ತಿದ್ದರು. ನಾನೊಬ್ಬಳೇ ನಡುಮನೆಯ ಕಿಟಕಿ ಪಕ್ಕದ ಮಂಚದ ಮೇಲೆ ಕಾಲು ಚಾಚಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದೆ, ಅವರೆಕಾಯಿ ಬಿಡಿಸುತ್ತಿದ್ದೆ. ಅದೂ ಮುಗಿದರೆ ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದೆ.

ನನ್ನ ಅವಸ್ಥೆ ನೋಡಲಾರದೆ ನಾದಿನಿ ಒಂದು ಡಬ್ಬ ತಂದುಕೊಟ್ಟಳು. ಅವಳು ತಾಳವಾಡಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಫೋನಿನಲ್ಲಿ ಏನೇ ತರಿಸಿದರೂ ಪಾರ್ಸಲ್ಲು ನಮ್ಮೂರಿಗೆ ಬರುವುದಿಲ್ಲ, ಆ ಅಂಗಡಿಗೇ ಬರುತ್ತದೆ.

"ಕೈ ಸುಮ್ನಿದ್ರೆ ತಲೆ ಕೆಡ್ತದೆ ಕಣತ್ಗೆ. ಇದ ಕಲ್ತ್ಕ. ನನ್ ಮದ್ವೆಗೆ ನೀನೇ ಆಕ್ಬೇಕು," ಅಂದಳು. ಮದುವೆ ಇನ್ನೂ ಮಾತಿನಲ್ಲೂ ಇರಲಿಲ್ಲ.

ಡಬ್ಬದೊಳಗೆ ಮಿಂಚುವ ನೇಲ್ ಪಾಲಿಶ್‌ಗಳ ಸಣ್ಣ ಸೀಸೆಗಳಿದ್ದವು. ಅಲ್ಲಾಡಿಸಿದರೆ ಒಳಗೆ ಮೀನಿನ ಪೊರೆಯ ಹಾಗೆ ಏನೋ ಹೊಳೆದು ಹೊರಳುತ್ತಿತ್ತು. ಜೊತೆಗೆ ಅಂಗೈ ಅಗಲದ ಒಂದು ತಗಡು, ಅದರ ತುಂಬ ಕೊರೆದ ಪುಟ್ಟ ಪುಟ್ಟ ಹೂವು, ಬಳ್ಳಿ, ನವಿಲುಗರಿ. ಮತ್ತೆ ಗಿಣ್ಣಿನಂತೆ ಮೆತ್ತಗಿರುವ ಒಂದು ಅಚ್ಚು. ಕೆಲಸ ನೋಡಲು ಸುಲಭ. ಉಗುರಿಗೆ ಮೊದಲು ಒಂದು ಬಣ್ಣ ಹಚ್ಚಿ ಒಣಗಿಸಬೇಕು. ತಗಡಿನ ಮೇಲಿನ ಹೂವಿಗೆ ಬೇರೆ ಬಣ್ಣ ಬಿಟ್ಟು, ಹೆಚ್ಚಾದದ್ದನ್ನು ಒಂದು ಹಳೇ ಕಾರ್ಡಿನಿಂದ ಕೆರೆದು ತೆಗೆಯಬೇಕು. ಕೊರೆದ ಗೆರೆಯೊಳಗೆ ಉಳಿದ ಬಣ್ಣವನ್ನು ಅಚ್ಚಿನಲ್ಲಿ ಎತ್ತಿ, ಉಗುರಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಹೊರಳಿಸಬೇಕು. ಹೂವು ಉಗುರಿಗೆ ಇಳಿಯುತ್ತದೆ. ಆದರೆ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ತಡವಾದರೆ ಬಣ್ಣ ತಗಡಿನಲ್ಲೇ ಒಣಗಿಬಿಡುತ್ತದೆ. ಅವಸರ ಮಾಡಿದರೆ ಹೂವು ಹೋಗಿ ಸಗಣಿ ತಟ್ಟಿದ ಹಾಗಾಗುತ್ತದೆ.

ನನ್ನದು ಬಹಳ ದಿನ ಸಗಣಿಯೇ ಆಗಿತ್ತು. ಅತ್ತೆ ಹೊಲದಿಂದ ಬಂದವರು ನನ್ನ ಕೈ ನೋಡಿ, "ಇದೇನವ್ವ ಇದು, ವಿಎಓ ಆಪೀಸಲ್ಲಿ ಸೀಲು ಗುದ್ದಂಗೆ ಗುದ್ಕೊಂಡಿದ್ದೀಯೆ," ಅನ್ನುತ್ತಿದ್ದರು. ನಗುತ್ತಲೂ ಇರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಅತ್ತೆಯ ಮಾತೇ ಹಾಗೆ, ಬೇಸಿಗೆಯ ನೆಲದ ಹಾಗೆ ಗಟ್ಟಿ.

ಎಡಗೈಯ ಉಗುರುಗಳು ಹೇಗೋ ಹಿಡಿತಕ್ಕೆ ಬಂದವು. ಬಲಗೈಗೆ ಎಡಗೈಯಲ್ಲಿ ಹಾಕಿಕೊಳ್ಳುವುದು ಮಾತ್ರ ನನ್ನಿಂದ ಆಗಲೇ ಇಲ್ಲ. ಹೀಗಾಗಿಯೇ ಒಂದು ಮಧ್ಯಾಹ್ನ, ಹೊಲದಿಂದ ಊಟಕ್ಕೆ ಬಂದಿದ್ದ ಅಕ್ಕನನ್ನು ಕರೆದೆ.

ಅಕ್ಕ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ಅವಳು ಈ ಮನೆಗೆ ಬಂದಾಗ ನಾದಿನಿ ಇನ್ನೂ ಬಾಲವಾಡಿಗೆ ಹೋಗುವ ಮಗು. ಅತ್ತೆಗೆ ಹೊಲದ ಕೆಲಸವೇ ಸಾಕಾಗುತ್ತಿದ್ದದ್ದರಿಂದ ನಾದಿನಿಗೆ ತಲೆ ಬಾಚಿದ್ದು, ಉಣ್ಣಿಸಿದ್ದು, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಎಲ್ಲ ಅಕ್ಕನೇ. ಅಕ್ಕನಿಗೆ ತನ್ನವು ಅಂತ ಮಕ್ಕಳಾಗಲಿಲ್ಲ. ನಾನು ಮದುವೆಯಾಗಿ ಬಂದ ಮರುವರ್ಷ ಭಾವ ಎದೆನೋವು ಅಂತ ಜಗುಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಆಮೇಲೆ ಅಕ್ಕನ ಮೈಮೇಲಿನ ಬಣ್ಣಗಳು ಒಂದೊಂದೇ ಹೋದವು. ಯಾರೂ ಜೋರು ಮಾಡಿ ಕಿತ್ತುಕೊಂಡದ್ದಲ್ಲ. ಗಾಜಿನ ಬಳೆ ಹೋಯಿತು, ಕುಂಕುಮ ಹೋಯಿತು, ಹೂವು ಹೋಯಿತು. ನಮ್ಮ ಹೊಲದಲ್ಲೇ ಚೆಂಡುಹೂ ಬೆಳೆದು ಚೀಲಗಟ್ಟಲೆ ಮಾರ್ಕೆಟ್ಟಿಗೆ ತುಂಬಿಸುವವಳು ಅವಳೇ, ಮುಡಿಯುವಂತಿಲ್ಲ ಅಷ್ಟೆ. ಬೆಳಗ್ಗೆ ಬಾಗಿಲಿಗೆ ರಂಗೋಲಿ ಬಿಡುವ ಕೆಲಸವೂ ಅವಳ ಕೈತಪ್ಪಿ ನನಗೆ ಬಂತು. ಅವಳ ರಂಗೋಲಿ ನೋಡಲು ಒಂದು ಕಾಲದಲ್ಲಿ ಬೀದಿಯ ಹೆಂಗಸರು ಬಂದು ನಿಲ್ಲುತ್ತಿದ್ದರಂತೆ.

"ಅಕ್ಕ, ಬಲಗೈಗೆ ನಂಗೆ ಬರಕಿಲ್ಲ. ಒಂದ್ಸಲ ಒತ್ಕೊಡು ಬಾ," ಅಂದೆ.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಮಂಚದ ಪಕ್ಕ ನಿಂತು ಸೀಸೆಗಳನ್ನೇ ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ನಾನು ಮುಟ್ಬೋದಾ ಮಗ?"

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಸಂಕಟವಾಯಿತು. ಅದನ್ನು ತೋರಿಸಿಕೊಂಡರೆ ಅವಳು ತಿರುಗಿ ಹೋಗಿಬಿಡುತ್ತಾಳೆ ಅಂತ ಗೊತ್ತಿತ್ತು.

"ನೈಲ್‌ಪಾಲಿಸ್ ಕಣಕ್ಕ. ದೇವ್ರಾ, ದಿಂಡ್ರಾ? ಕೂತ್ಕ ಬಾ," ಅಂದೆ.

ಅಕ್ಕ ಕೂತಳು. ನಾನು ಹೇಳಿಕೊಟ್ಟದ್ದನ್ನು ಒಂದೇ ಸಲ ಕೇಳಿಸಿಕೊಂಡು ತಗಡಿಗೆ ಬಣ್ಣ ಬಿಟ್ಟಳು, ಕೆರೆದಳು, ಅಚ್ಚನ್ನು ನನ್ನ ಹೆಬ್ಬೆರಳಿನ ಮೇಲೆ ಹೊರಳಿಸಿದಳು. ಬಳ್ಳಿ ಒಂದು ಎಳೆಯೂ ಕಡಿಯದೆ ಇಳಿಯಿತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು.

"ಇದು ರಂಗೋಲಿಗಿಂತ ಸಲೀಸು," ಅಂದಳು ಅಕ್ಕ. ಎಷ್ಟೋ ತಿಂಗಳ ಮೇಲೆ ಅವಳು ತಾನಾಗಿ ಆಡಿದ ಮಾತು ಅದು.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಅಕ್ಕ ನನ್ನ ಮಂಚದ ಬಳಿ ಬಂದು ಕೂರುವುದು ವಾಡಿಕೆಯಾಯಿತು. ಚಳಿಗೆ ಬಣ್ಣ ಗಟ್ಟಿಯಾದರೆ ಸೀಸೆಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದಳು. ಉಗುರಿನ ಸುತ್ತ ಚರ್ಮಕ್ಕೆ ಬಣ್ಣ ಮೆತ್ತಿಕೊಂಡು ನಾನು ಪರದಾಡುವುದನ್ನು ನೋಡಿ, "ಅಲಸಿನಣ್ಣು ಬುಡುಸುವಾಗ ಏನ್ಮಾಡೀಯೆ?" ಅಂತ ಕೇಳಿ, ಒಂದು ಕಡ್ಡಿಯ ತುದಿಗೆ ಹತ್ತಿ ಸುತ್ತಿ ಉಗುರಿನ ಅಂಚಿಗೆ ಹರಳೆಣ್ಣೆ ಸವರಿದಳು. ಆಮೇಲೆ ಮೆತ್ತಿಕೊಂಡ ಬಣ್ಣ ಒರೆಸಿದರೆ ಬಂದುಬಿಡುತ್ತಿತ್ತು. ನಾದಿನಿಯ ಉಗುರು, ನನ್ನ ಉಗುರು, ನನ್ನ ಪಟ್ಟಿನೊಳಗಿಂದ ಇಣುಕುತ್ತಿದ್ದ ಕಾಲ್ಬೆರಳುಗಳು, ಯಾವುದನ್ನೂ ಬಿಡಲಿಲ್ಲ. ತನ್ನ ಕೈಗೆ ಮಾತ್ರ ಒಂದು ಹನಿ ಸೋಕಿದರೂ ಆಗಲೇ ಒರೆಸಿಕೊಳ್ಳುತ್ತಿದ್ದಳು.

ನನ್ನ ಕಾಲು ಕೂಡಿ ನಡೆದಾಡುವ ಹೊತ್ತಿಗೆ ನಾದಿನಿಗೆ ಹಾಸನೂರಿನ ಕಡೆಯ ಗಂಡು ಗೊತ್ತಾಯಿತು. ಒಪ್ಪಿಗೆಯಾದ ದಿನವೇ ಅವಳು ಅಡುಗೆಮನೆಗೆ ಬಂದು, "ಉಗ್ರುಗೆ ಅತ್ಗೇನೆ ಆಕ್ಬೇಕು. ದೊಡ್ಡತ್ಗೆ," ಅಂತ ಅಕ್ಕನ ಕಡೆ ಕೈ ತೋರಿಸಿ ಹೇಳಿದಳು. ಅಕ್ಕ ಮುದ್ದೆ ತಿರುವುತ್ತಿದ್ದವಳು ತಲೆ ಎತ್ತಲಿಲ್ಲ. ಅತ್ತೆ ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಹೊರಗೆ ಹೋದರು.

ಮದುವೆಯ ಹಿಂದಿನ ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಸಾಯಂಕಾಲ ಅರಿಶಿನ ಶಾಸ್ತ್ರ. ಮಿಂಚು ಬೆರೆತ ಕಡುಗೆಂಪು, ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ ಅಂತ ನಾದಿನಿ ಆರಿಸಿಕೊಂಡಿದ್ದಳು. ಅಕ್ಕ ಅವಳ ಕೈಯನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು, ಚಿಕ್ಕಂದಿನಲ್ಲಿ ಹೇಗೆ ತಲೆಗೆ ಎಣ್ಣೆ ಹಾಕುತ್ತಿದ್ದಳೋ ಹಾಗೆಯೇ ಮೈಮರೆತು ಕೂತಿದ್ದಳು. ನಾನು ಪಕ್ಕದಲ್ಲಿ ತಗಡು ಒರೆಸಿ ಒರೆಸಿ ಕೊಡುತ್ತಿದ್ದೆ. ಎಡಗೈ ಮುಗಿದು, ಬಲಗೈಯ ಉಗುರುಗಳಿಗೆ ಕೆಂಪು ಹಚ್ಚಿ ಇನ್ನೂ ಹಸಿ ಇರುವಾಗ ಮಾವನವರ ತಂಗಿ ಬಸ್ಸಿಳಿದು ಬ್ಯಾಗು ಹಿಡಿದು ಒಳಗೆ ಬಂದರು.

"ಅಯ್ಯೋ, ಇದೇನ್ರವ್ವ ಇದು! ಮದ್ವೆಣ್ಣಿನ ಕೈಯ ಇವ್ಳ ಕೈಗೆ ಕೊಟ್ಟು ಕೂತಿದ್ದೀರಲ್ಲ! ಮನೇಲಿ ಬ್ಯಾರೆ ಮುತ್ತೈದೇರು ಯಾರೂ ಇಲ್ವಾ?"

ಮನೆ ತುಂಬ ನೆಂಟರು. ಎಲ್ಲರಿಗೂ ಕೇಳಿಸಿತು. ಅಕ್ಕ ಅಚ್ಚನ್ನು ತಗಡಿನ ಮೇಲಿಟ್ಟಳು. "ನೀನೇ ಮುಗ್ಸು ಮಗ," ಅಂತ ನನಗೆ ಹೇಳಿ ಏಳಲು ಹೋದಳು. ನಾದಿನಿ ಹಸಿ ಉಗುರಿನ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದುಕೊಂಡಳು. ಹಚ್ಚಿದ್ದ ಕೆಂಪೆಲ್ಲ ಅಕ್ಕನ ಕೈಗೆ, ಸೆರಗಿಗೆ ಬಳಿದುಕೊಂಡಿತು.

"ನೀನೆದ್ರೆ ನಾನೂ ಏಳ್ತಿನಿ ಅತ್ಗೆ. ಅರಿಸ್ನಕ್ಕೂ ಕೂರಕಿಲ್ಲ."

"ಬುಡು ಕೂಸು. ದೊಡ್ಡೋರ ಮಾತು ಮೀರ್ಬಾರ್ದು," ಅಂದಳು ಅಕ್ಕ. ಅವಳ ಮುಖ ನೋಡುವುದು ನನ್ನಿಂದ ಆಗಲಿಲ್ಲ.

ಗಲಾಟೆ ಕೇಳಿ ಅತ್ತೆ ಹಿತ್ತಲಿಂದ ಬಂದರು. ಶಾಸ್ತ್ರದ ಹೊತ್ತಿನಲ್ಲಿ ಮುಂದೆ ಬರಬೇಡ ಅಂತ ಆ ಬೆಳಗ್ಗೆಯೇ ಅಕ್ಕನಿಗೆ ಹೇಳಿದ್ದವರು ಇದೇ ಅತ್ತೆ. ಅವರು ಬಗ್ಗಿ ಮಗಳ ಕೈ ಎರಡನ್ನೂ ಹಿಡಿದು, ಬೆಳಕಿಗೆ ಹೊರಳಿಸಿ ನೋಡಿದರು.

"ಈ ಕೈಲಿ ಬಳ್ಳಿ ಅದೆ, ಈ ಕೈಲಿ ಬರೀ ಮಸಿ. ನಾಳೆ ಗಂಡಿನ ಕಡೆಯೋರು ಏನಂದಾರು?" ಅಂದರು. ಆಮೇಲೆ ಅಕ್ಕನ ಕಡೆ ತಿರುಗದೆಯೇ, "ಕೂತ್ಕ. ಅಳ್ಸಿ ನೆಟ್ಗೆ ಆಕು. ಬಿರ್ರನೆ ಮುಗ್ಸು, ಒತ್ತಾಯ್ತದೆ," ಅಂದರು.

ಮಾವನವರ ತಂಗಿ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅವರ ಕೈಯಿಂದ ಬ್ಯಾಗು ಈಸಿಕೊಂಡರು. "ಉಗ್ರುಗೆ ಯಾವ ಶಾಸ್ತ್ರ ಅದವ್ವ? ನಿಮ್ಮವ್ವನ ಕಾಲ್ದಲ್ಲಿ ಇತ್ತಾ ಇದು? ಬಾ, ದಣ್ದು ಬಂದಿದ್ದೀಯೆ, ಕಾಪಿ ಕುಡಿ."

ಇಬ್ಬರೂ ಒಳಗೆ ಹೋದರು. ಅಕ್ಕ ಹತ್ತಿಯಿಂದ ನಾದಿನಿಯ ಉಗುರುಗಳನ್ನು ಒರೆಸಿ ಮೊದಲಿನಿಂದ ಶುರು ಮಾಡಿದಳು. ಮೊದಲ ಬಳ್ಳಿ ಸೊಟ್ಟಗೆ ಬಿತ್ತು. ಒರೆಸಿದಳು. ಎರಡನೆಯದೂ ಸೊಟ್ಟಗೆ ಬಿತ್ತು. ನಾದಿನಿ ಏನೂ ಅವಸರ ಮಾಡದೆ ಕೈ ಕೊಟ್ಟುಕೊಂಡು ಕೂತಿದ್ದಳು. ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಉಗುರು ಹಸಿ. ನಾನೇ ನನ್ನ ಸೆರಗಿನಲ್ಲಿ ಒರೆಸಿದೆ.

ಅದು ಮುಗಿಯುವಷ್ಟರಲ್ಲಿ ನೆಂಟರ ಹುಡುಗಿಯರೆಲ್ಲ ಚಾಪೆಯ ಸುತ್ತ ಕೈ ಚಾಚಿಕೊಂಡು ಕೂತಿದ್ದರು. ಮಾವನವರ ತಂಗಿಯ ಮೊಮ್ಮಗಳೂ ಬಂದಳು. ಅಜ್ಜಿ ಒಳಗಿಂದ ಅವಳನ್ನು ಕರೆದರು, ಮತ್ತೆ ಕರೆದರು. ಹುಡುಗಿ "ಒಣಗ್ಲಿ ಇರಜ್ಜಿ" ಅಂತ ಅಲ್ಲಾಡಲಿಲ್ಲ. ಆಮೇಲೆ ಅವರು ಕರೆಯಲಿಲ್ಲ.

ಅತ್ತೆ ಅಷ್ಟು ಹೇಳಿದರಲ್ಲ, ಇನ್ನು ಎಲ್ಲ ಬದಲಾಗುತ್ತದೆ ಅಂತ ನಾನು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ಸಾಯಂಕಾಲ ಅಂಗಳದಲ್ಲಿ ಅರಿಶಿನ ಹಚ್ಚುವಾಗ ಅಕ್ಕ ಹಿತ್ತಲ ಪಡಸಾಲೆಯಲ್ಲಿ ಹುರುಳಿಕಾಯಿ ಕತ್ತರಿಸುತ್ತಿದ್ದಳು. ಅತ್ತೆ ಕರೆಯಲಿಲ್ಲ, ಅವಳೂ ಬರಲಿಲ್ಲ. ಮಾರನೆಯ ದಿನ ತಾಳವಾಡಿಯ ಮಂಟಪದಲ್ಲೂ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತಳು. ನಾನು ಅವಳ ಪಕ್ಕ ಹೋಗಿ ಕೂತೆ. ಧಾರೆ ಎರೆಯುವಾಗ ಫೋಟೋದವನು ಕೈಗಳ ಹತ್ತಿರಕ್ಕೆ ಬಗ್ಗಿದ. ಆ ಹೊತ್ತು ಗೋಡೆಗೆ ಹಾಕಿದ್ದ ದೊಡ್ಡ ಪರದೆಯ ಮೇಲೆ ಗಂಡಿನ ಅಂಗೈಯೊಳಗಿದ್ದ ನಾದಿನಿಯ ಕೈ ಕಂಡಿತು. ಎಷ್ಟು ದೊಡ್ಡದಾಗಿ ಅಂದರೆ ಬಳ್ಳಿಯ ಒಂದೊಂದು ಎಲೆಯೂ ಕಾಣುತ್ತಿತ್ತು.

"ಕಿರುಬೆಳ್ಳುಂದು ಒಸಿ ಓರೆ ಆಗದೆ," ಅಂದಳು ಅಕ್ಕ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ಎಷ್ಟು ತಿಕ್ಕಿದ್ದರೂ ಮಣಿಕಟ್ಟಿನಲ್ಲಿ ಹಿಂದಿನ ದಿನದ ಕೆಂಪು ಇನ್ನೂ ಇತ್ತು.

ನೆಂಟರೆಲ್ಲ ಹೋಗಿ, ನಾದಿನಿ ಇಲ್ಲದ ಮನೆ ನಮಗೆ ಸ್ವಲ್ಪ ರೂಢಿಯಾದ ಮೇಲೆ, ಒಂದು ಮಧ್ಯಾಹ್ನ ಅಕ್ಕ ಬಂದು ನನ್ನ ಮುಂದೆ ಕೂತಳು. ಡಬ್ಬ ತೆರೆದು ಸೀಸೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಜೇನಿನ ಬಣ್ಣದ, ಒಳಗೆ ತೆಳುವಾಗಿ ಮಿಂಚುವ ಒಂದು ಸೀಸೆ ನನ್ನ ಕಡೆ ಸರಿಸಿ ಎಡಗೈ ಚಾಚಿದಳು.

"ಡಿಸೈನು?" ಅಂತ ಕೇಳಿದೆ.

"ಬ್ಯಾಡ. ಸಾದಾ ಇರ್ಲಿ."

ಕೋಸು ಕತ್ತರಿಸಿ, ಮಣ್ಣು ಕೆದಕಿ ಅವಳ ಉಗುರುಗಳ ಅಂಚು ಒಡೆದಿತ್ತು. ಡಬ್ಬದಲ್ಲಿದ್ದ ಸಣ್ಣ ಅರದಲ್ಲಿ ಮೆಲ್ಲಗೆ ತೀಡಿ ಹಚ್ಚಿದೆ. ನಾಲ್ಕು ಬೆರಳು ಮುಗಿದ ಮೇಲೆ, "ಉಂಗ್ರದ ಬೆಳ್ಳುಗೆ ಮಾತ್ರ ಯಾವ್ದಾರ ಸಣ್ಣ ಹೂವ ಆಕು," ಅಂದಳು. ಹಾಕಿದೆ.

ಸಾಯಂಕಾಲ ಅವಳು ಸಾರು ಬಡಿಸುವಾಗ ಅತ್ತೆ ಆ ಕೈ ನೋಡಿದರು. ನಾನು ತುತ್ತು ನುಂಗುವುದನ್ನೇ ಮರೆತು ಕೂತಿದ್ದೆ. ಅತ್ತೆ ಸಾರು ಕಲಸಿಕೊಂಡು ಉಂಡು ಎದ್ದರು. ಮರುದಿನವೂ ಆ ಮಾತು ಎತ್ತಲಿಲ್ಲ. ಪಾತ್ರೆ ಉಜ್ಜಿ ಉಜ್ಜಿ ಬಣ್ಣ ಅಲ್ಲಲ್ಲಿ ಎದ್ದು ಹೋದ ಮೇಲೆ, ಒಂದು ದಿನ ಅಕ್ಕ ಕಾಫಿ ಲೋಟ ಕೊಡುವಾಗ ಅತ್ತೆ ಅವಳ ಬೆರಳುಗಳನ್ನು ಹಿಡಿದು ನಿಲ್ಲಿಸಿದರು.

"ಇದೇನು ಇಂಗೆ ಕಿತ್ತೋಗದೆ? ಅಳ್ಸಿ ಬ್ಯಾರೆ ಆಕ್ಕೊ. ಇರೋದಾದ್ರೆ ನೆಟ್ಗಿರ್ಲಿ."

ಅಕ್ಕ ಈಗಲೂ ಹೂವು ಮುಡಿಯುವುದಿಲ್ಲ. ನಾನು ಒತ್ತಾಯ ಮಾಡಿಲ್ಲ. ಉಗುರು ಮಾತ್ರ ಬರಿದಾಗಿರುವುದನ್ನು ಆಮೇಲೆ ನಾನು ಕಂಡಿಲ್ಲ. ಸುತ್ತಿನ ಊರುಗಳಿಂದ ಮದುವೆಯ ಹುಡುಗಿಯರು ಬಂದು ಅವಳ ಮುಂದೆ ಕೂರುತ್ತಾರೆ. ನನ್ನ ತವರು ಗೆಟ್ಟವಾಡಿಯಿಂದ ಇಬ್ಬರು ಬಂದಿದ್ದರು. ಒಬ್ಬಳ ತಾಯಿ ಮನೆಯೊಳಗೆ ಬಂದು ಅಕ್ಕನ ಹಣೆ ನೋಡಿ ಹಿಂಜರಿದಳು. ಮಗಳು ಆಗಲೇ ಕೂತು ಕೈ ಚಾಚಿದ್ದಳು. ಅಕ್ಕ ಎರಡೂ ಅಂಗೈಗಳ ನಡುವೆ ಸೀಸೆ ಉಜ್ಜುತ್ತ, "ಯಾವ ಬಣ್ಣದ ಸೀರೆ ಕೂಸು?" ಅಂತ ಕೇಳುತ್ತಿದ್ದಳು.