ಎರಡನೆಯ ಸಕ್ಕರೆ ಡಬ್ಬಿ

ನಮ್ಮ ಅಡುಗೆಮನೆಯಲ್ಲಿ ಎರಡು ಸಕ್ಕರೆ ಡಬ್ಬಿಗಳಿದ್ದವು ಎಂದರೆ ನೀವು ನಮ್ಮನ್ನು ಅನುಕೂಲಸ್ಥರೆಂದೋ ಸಿಹಿಯ ಚಪಲದವರೆಂದೋ ತಿಳಿಯಬೇಡಿ. ಒಲೆಯ ಪಕ್ಕದ ಸ್ಟೀಲಿನದು ಟೀಗೆ. ಮೇಲಿನ ಗೂಡಿನಲ್ಲಿದ್ದ ಹಳದಿ ಮುಚ್ಚಳದ್ದು ಮಗಳ ಕುಂಡಿಗೆ. ಮಾತು ಒರಟಾಯಿತೇನೋ, ಆದರೆ ಐದು ವರ್ಷ ಆ ಜಾಗಕ್ಕೆ ‘ಕೆಳಗೆ’, ‘ಹಿಂದೆ’, ‘ಅಲ್ಲಿ’ ಎಂದು ಮರೆಮಾತಿನ ಬಟ್ಟೆ ಸುತ್ತಿ ಸುತ್ತಿ ನನಗೆ ಸಾಕಾಗಿದೆ. ಬಾಯಿಗೆ ವರ್ಷವಿಡೀ ಹಬ್ಬ ಮಾಡುವ ಜನ, ಅದೇ ದಾರಿಯ ಇನ್ನೊಂದು ತುದಿಯ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತಾರೆ.

ಮಗಳು ಸಿಂಚನ ಹುಟ್ಟಿದಾಗ ಅವಳಿಗೆ ಮಲದ್ವಾರವೇ ಇರಲಿಲ್ಲ. ಮೊದಲು ಹೊಟ್ಟೆಯ ಪಕ್ಕದಲ್ಲಿ ಕರುಳಿಗೊಂದು ತಾತ್ಕಾಲಿಕ ದಾರಿ ತೆರೆದರು, ಆಮೇಲೆ ಕೆಳಗೆ ಹೊಸ ದ್ವಾರ ಮಾಡಿದರು, ಅದು ಮಾಗಿದ ಮೇಲೆ ಹೊಟ್ಟೆಯದನ್ನು ಮುಚ್ಚಿದರು. ಏಳು ಸುತ್ತಿನ ಕೋಟೆಗೆ ಬಾಗಿಲ ಮೇಲೆ ಬಾಗಿಲು ಇಟ್ಟ ದುರ್ಗದ ಸೀಮೆಯವರು ನಾವು, ಒಂದೇ ಒಂದು ಬಾಗಿಲಿಗಾಗಿ ಹೀಗೆ ಒದ್ದಾಡಿದೆವು. ತೆರೆಯಲಿ ಎಂದು ಹರಕೆ ಹೊತ್ತಿದ್ದೆವು. ತೆರೆದ ಮೇಲೆ ಮುಚ್ಚಿಕೊಳ್ಳಲಿ ಎಂದು ಬೇಡುವ ಹಾಗಾಯಿತು. ಏಕೆಂದರೆ ಮಗು ತಿಣುಕಿದಾಗಲೆಲ್ಲ ಕರುಳಿನ ಒಳಪದರ ಕೆಂಪಗೆ ಹೊರಜಾರಿ, ಚಡ್ಡಿಗೆ ಲೋಳೆಯೂ ರಕ್ತವೂ ಅಂಟತೊಡಗಿತು. ಚಕ್ಕಂಬಕ್ಕಳ ಹಾಕಿ ಕೂರಲಾರದೆ ಅವಳು ಒಂದು ತೊಡೆಯ ಮೇಲೆ ವಾಲಿಕೊಂಡು ಉಣ್ಣುವುದನ್ನು ಕಲಿತಳು.

ಆಗಲೇ ನಮ್ಮಪ್ಪ ಆ ಎರಡನೆಯ ಡಬ್ಬಿ ತಂದಿಟ್ಟದ್ದು. ಹಿರೇಗುಂಟನೂರಿನ ಆಚೆಯ ಬೀಳುಗಳಲ್ಲಿ ಆಯುಷ್ಯವೆಲ್ಲ ಕುರಿ ಕಾದವನು ಅವನು. ಗಬ್ಬದ ಕುರಿಗೆ ಮೈ ಹೊರಬಿದ್ದರೆ, ಅಂದರೆ ಈಯುವ ದಾರಿಯ ಒಳಮಾಂಸ ಹಿಂದಿನಿಂದ ಹೊರಜಾರಿದರೆ, ತಣ್ಣೀರಿನಲ್ಲಿ ತೊಳೆದು, ಸಕ್ಕರೆ ಉದುರಿಸಿ, ಊತದ ನೀರು ಇಳಿದು ಮಾಂಸ ಕುಗ್ಗಿದ ಮೇಲೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒಳಗೆ ಸೇರಿಸುವುದು ನಮ್ಮ ಹಟ್ಟಿಯಲ್ಲಿ ಎಲ್ಲರಿಗೂ ಬರುವ ವಿದ್ಯೆ. ಮೊಮ್ಮಗಳಿಗೂ ಅದನ್ನೇ ಮಾಡಿದ. ಮಾಡಿದಾಗಲೆಲ್ಲ ಒಳಗೆ ಹೋಯಿತು. ಆಪತ್ತು ಇದ್ದದ್ದೇ ಅಲ್ಲಿ. ಮದ್ದು ನಾಟದಿದ್ದರೆ ಆಸ್ಪತ್ರೆಗೆ ಓಡುತ್ತಿದ್ದೆವು, ನಾಟಿದ್ದರಿಂದ ಕೂತೆವು. ಇನ್ನೊಂದು ಆಪರೇಷನ್ ಬೇಕೇ ಬೇಕೆಂದು ದುರ್ಗದ ಡಾಕ್ಟರಮ್ಮ ಹೇಳಿದಾಗಲೆಲ್ಲ ಅಪ್ಪನದು ಒಂದೇ ಮಾತು: “ಕುರಿಗೆ ಈದ ಮ್ಯಾಲೆ ತಾನೇ ನಿಲ್ತೈತೆ ಕಣಪ್ಪ. ಇದಕ್ಕೂ ಬಲಿತ ಮ್ಯಾಲೆ ನಿಲ್ತೈತೆ. ಕೂಸಿಗೆ ಎಷ್ಟು ಸಲ ಕತ್ತಿ ಹಾಕಿಸ್ತೀಯ?” ಮೂರು ಸಲ ಆ ಮೇಜು ಹತ್ತಿ ಇಳಿದ ಕೂಸನ್ನು ನೋಡುತ್ತಿದ್ದ ನನಗೂ ಹೆಂಡತಿ ಲತಾಳಿಗೂ ಆ ಮಾತು ಹಿತವಾಗಿಯೇ ಕೇಳುತ್ತಿತ್ತು. ಬಿಗಿಹಿಡಿಯುವ ಸ್ನಾಯು ಕುರಿಗೆ ಗಟ್ಟಿಯಾಗಿದೆ, ನಮ್ಮ ಮಗುವಿಗೆ ಹುಟ್ಟಿನಿಂದಲೇ ಅರೆಬರೆ ಎಂಬ ಯೋಚನೆ ಯಾರಿಗೂ ಬರಲಿಲ್ಲ.

ಒಂದು ಬೆಳಗ್ಗೆ ಅದು ಒಳಗೆ ಹೋಗಲಿಲ್ಲ. ಅಪ್ಪ ಸಕ್ಕರೆ ಹಾಕಿದ, ಕಾದ, ಮತ್ತೆ ಹಾಕಿದ. ಕೆಂಪಗಿದ್ದದ್ದು ನೇರಳೆ ಬಣ್ಣಕ್ಕೆ ತಿರುಗಿತು. ಅವನು ಡಬ್ಬಿಯ ಮುಚ್ಚಳ ಹಾಕಿ ಎದ್ದ. “ಏಳ್ರಲೇ, ದುರ್ಗಕ್ಕೆ ಹೋಗಾಣ. ಇದು ಕುರಿ ಅಲ್ಲ,” ಎಂದ. ಪಕ್ಕದ ಮನೆಯವರ ಓಮ್ನಿಯಲ್ಲಿ ಸಿಂಚನ ಅಮ್ಮನ ತೊಡೆಯ ಮೇಲೆ ಬೋರಲಾಗಿ ಮಲಗಿದ್ದಳು. ಅಳಲಿಲ್ಲ, ಅದೇ ನಮ್ಮನ್ನು ಹೆಚ್ಚು ಹೆದರಿಸಿತು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ನನಗೆ ಅವುಗಳ ಮೇಲೂ ಸಿಟ್ಟು ಬಂತು.

ಡಾಕ್ಟರಮ್ಮ ಮಂಪರಿನ ಮದ್ದು ಕೊಟ್ಟು ಒಳಗೆ ಸೇರಿಸಿದರು. ಪುಣ್ಯಕ್ಕೆ ಮಾಂಸ ಸತ್ತಿರಲಿಲ್ಲ. ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಿದ್ದ ಅಪ್ಪನಿಗೆ, “ಸಕ್ಕರೆ ಹಾಕಿದ್ದು ತಪ್ಪಲ್ಲ ಯಜಮಾನ್ರೇ, ಒಂದೊಂದ್ಸಲ ನಾವೂ ಹಾಕ್ತೀವಿ. ಅದನ್ನೇ ನಂಬ್ಕಂಡು ಕುಂತಿದ್ದು ತಪ್ಪು,” ಎಂದರು. ಊತ ಇಳಿದೊಡನೆ ಆಪರೇಷನ್. ಹೊರಜಾರುವ ಹೆಚ್ಚಿನ ಪದರವನ್ನು ಕತ್ತರಿಸಿ, ಅಂಚನ್ನು ಸುತ್ತಲೂ ಹೊಸದಾಗಿ ಹೊಲಿಯಬೇಕು. ಕಡಿಮೆ ತೆಗೆದರೆ ಮತ್ತೆ ಜಾರುತ್ತದೆ, ಹೆಚ್ಚು ತೆಗೆದರೆ ದ್ವಾರ ಕಿರಿದಾಗುತ್ತದೆ, ಇರುವ ಚೂರು ಸ್ನಾಯುವಿಗೂ ಪೆಟ್ಟಾಗಬಹುದು. “ಜಾರೋದನ್ನ ನಾನು ನಿಲ್ಲಿಸಬಹುದು. ಬರ್ತೈತೆ ಅಂತ ಅವಳಿಗೆ ಗೊತ್ತಾಗ್ತದೋ, ತಡ್ಕೊಳ್ಳೋದು ಬರ್ತದೋ, ಅದನ್ನ ಅವಳೇ ಹೇಳ್ಬೇಕು,” ಎಂದರು ಡಾಕ್ಟರಮ್ಮ.

ಸ್ನೇಹಿತರೇ, ಮನುಷ್ಯನ ಮರ್ಯಾದೆ ಎಲ್ಲಿದೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಮೀಸೆಯಲ್ಲಿ, ಮಾತಿನಲ್ಲಿ, ಮನೆತನದಲ್ಲಿ ಎಂದು ನಾವು ಹೇಳಿಕೊಳ್ಳುತ್ತೇವೆ. ಬಿಡಿ, ಅದು ಉಂಗುರದಷ್ಟು ಅಗಲದ ಒಂದು ಸ್ನಾಯುವಿನಲ್ಲಿದೆ. ಅದು ತನ್ನ ಕೆಲಸ ಸದ್ದಿಲ್ಲದೆ ಮಾಡುತ್ತಿರುವುದರಿಂದಲೇ ನಾವು ಸಭೆಯಲ್ಲಿ ಕೂತು ಸಂಸ್ಕೃತಿಯ ಬಗ್ಗೆ ಭಾಷಣ ಮಾಡುತ್ತೇವೆ. ನಾನು ಮೇಷ್ಟ್ರು. ಪಾಠದ ನಡುವೆ ಎರಡು ಬೆರಳೆತ್ತಿ, ಮುಖ ಹಿಂಡಿಕೊಂಡು ‘ಹೋಗ್ಲಾ ಸಾ?’ ಎನ್ನುವ ಮಕ್ಕಳನ್ನು ಕಂಡರೆ ಆ ವರ್ಷಗಳಲ್ಲಿ ನನಗೆ ಹೊಟ್ಟೆಕಿಚ್ಚು. ನನ್ನ ಮಗಳು ಯಾವತ್ತೂ ಬೆರಳೆತ್ತಿರಲಿಲ್ಲ; ಅಂಗನವಾಡಿಯಲ್ಲಿ ಅವಳಿಗೆ ಗೊತ್ತಾಗುವ ಮೊದಲೇ ಪಕ್ಕದ ಮಕ್ಕಳಿಗೆ ಗೊತ್ತಾಗುತ್ತಿತ್ತು. ಜೂನಿನಲ್ಲಿ ಅವಳು ಒಂದನೇ ಕ್ಲಾಸಿನ ಬೆಂಚಿನ ಮೇಲೆ ಕೂರಬೇಕಿತ್ತು. ಆಪರೇಷನ್ ಕೋಣೆಯ ಹೊರಗೆ ಗೋಡೆಗೊರಗಿ ನಾನು ಬೇಡಿಕೊಂಡದ್ದು ವಿದ್ಯೆಯನ್ನಲ್ಲ, ಆಯುಷ್ಯವನ್ನೂ ಅಲ್ಲ, ಆ ಎರಡು ಬೆರಳನ್ನು. ಅಪ್ಪ ದೂರದ ಬೆಂಚಿನಲ್ಲಿ ಕಂಬಳಿ ಹೊದ್ದು ಕೂತಿದ್ದ, ಕೊಟ್ಟ ಟೀ ಮುಟ್ಟಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ವಾರಗಟ್ಟಲೆ ಬೆಚ್ಚನೆ ನೀರಿನ ಟಬ್ಬು, ಮಲ ಗಟ್ಟಿಯಾಗದಂತೆ ಔಷಧ, ಬಾಳೆಹಣ್ಣು. ಜಾರುವುದು ನಿಂತಿತು. ಆದರೆ ಚಡ್ಡಿ ಮಾತ್ರ ಹಾಗೇ ಹೊಲಸಾಗುತ್ತಿತ್ತು. ಲತಾ ಬಕೆಟ್ಟಿನ ಮುಂದೆ ಕೂತು ಒಗೆಯುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಜೂನಿಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದೆವು. ಸಿಂಚನ ಈಗ ಚಕ್ಕಂಬಕ್ಕಳ ಹಾಕಿಯೇ ಕೂರುತ್ತಿದ್ದಳು. ಮುದ್ದೆ ಮುರಿಯುತ್ತಿದ್ದ ಅವಳ ಕೈ ನಿಂತಿತು. ಯಾರೋ ಒಳಗಿನಿಂದ ಕರೆದ ಹಾಗೆ ಮುಖ ಮಾಡಿದಳು, ಆಮೇಲೆ ಸಾರು ಅಂಟಿದ ಎರಡು ಬೆರಳು ಮೇಲೆತ್ತಿದಳು.

“ಏನವ್ವ?” ಎಂದ ಅಪ್ಪ.

“ಅಜ್ಜ, ಬರ್ತೈತೆ.”

ಅಜ್ಜನ ತುತ್ತು ಬಾಯಲ್ಲೇ ಉಳಿಯಿತು. “ಓಡು!” ಎಂದು ಲತಾ ಕಿರುಚಿದಳು. ಮಗು ಹಿತ್ತಲ ಕಕ್ಕಸಿಗೆ ಓಡಿತು; ನಾವು ಮೂವರೂ ಎಂಜಲು ಕೈಯಲ್ಲಿ ಹಿಂದೆ ಹೋಗಿ ಬಾಗಿಲಾಚೆ ನಿಂತೆವು. ಹೊರಬಂದಾಗ ಲತಾ ಅವಳ ಚಡ್ಡಿ ಮುಟ್ಟಿ ನೋಡಿದಳು. ಒಣಗಿತ್ತು. ಅಲ್ಲೇ ಕುಸಿದು ಕೂತು ಅತ್ತಳು.

ಅಪ್ಪ ಒಳಗೆ ಹೋಗಿ, ಕೈ ತೊಳೆದು, ಮೇಲಿನ ಗೂಡಿನಿಂದ ಹಳದಿ ಮುಚ್ಚಳದ ಡಬ್ಬಿ ಇಳಿಸಿಕೊಂಡು ಬಂದ. ಅದನ್ನು ನೋಡಿದ್ದೇ ಮಗಳು ಹೆದರಿ ಅಮ್ಮನ ಸೆರಗು ಹಿಡಿದಳು. ಆ ಡಬ್ಬಿ ಇಳಿದರೆ ತಾನು ಬೋರಲು ಮಲಗಬೇಕೆಂಬುದಷ್ಟೇ ಅವಳಿಗೆ ಗೊತ್ತಿತ್ತು.

“ಬಾರವ್ವ, ಅದಕ್ಕಲ್ಲ,” ಎಂದ ಅಪ್ಪ. “ಎಂಥಾ ಮಾತು ಹೇಳ್ದೆ! ನಿನ್ನ ಬಾಯಿಗೆ ಸಕ್ಕರೆ ಹಾಕ,” ಎನ್ನುತ್ತ ಒಂದು ಚಿಟಿಕೆ ತೆಗೆದು ಅವಳ ನಾಲಿಗೆಯ ಮೇಲಿಟ್ಟ. ಅವಳು ಚಪ್ಪರಿಸಿ, ಆಶ್ಚರ್ಯದಿಂದ ಅಜ್ಜನನ್ನೂ ಡಬ್ಬಿಯನ್ನೂ ನೋಡಿ, “ಇದು ಸಿಹಿ ಐತೆ!” ಎಂದಳು.