ವಾರಿಜ ಹೊಲಿದ ಪಟ್ಟಿ

ಎರಡು ವರ್ಷದ ಹಿಂದಿನ ಮಾತಿದು. ರೋಬಸ್ಟಾ ಕಾಫಿಯ ಕೊಯ್ಲು ಅರ್ಧ ಮುಗಿದಿತ್ತು, ಮದುವೆ ಸೀಸನ್ ಶುರುವಾಗಿತ್ತು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ. ಹದಿನೆಂಟು ವರ್ಷದಿಂದ ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರಂ ಹೊಲಿದುಕೊಂಡು ಬಂದವಳು ನಾನು. ಆ ವರ್ಷ ಮಾತ್ರ ಅಂಗಡಿಯ ಗೋಡೆಗೆ ರವಿಕೆಗಳ ಪಕ್ಕದಲ್ಲೇ ದಪ್ಪ ಕ್ಯಾನ್ವಾಸ್ ಬಟ್ಟೆಯ ಒಂದು ಚೀಲವೂ ನೇತಾಡುತ್ತಿತ್ತು.

ಆ ಚೀಲದ ವಿಷಯ ಮೊದಲು ಹೇಳಿಬಿಡುತ್ತೇನೆ. ಸಂತೆಯ ದಿನ ಅಳತೆ ಕೊಡಲು ಬರುವ ತೋಟದ ಹೆಂಗಸರು ಸ್ಟೂಲಿನ ಮೇಲೆ ಕೂರುವಾಗ ಸೊಂಟ ಹಿಡಿದುಕೊಂಡೇ ಕೂರುತ್ತಿದ್ದರು. ಹಣ್ಣು ಕುಯ್ಯುವಾಗ ಸೊಂಟಕ್ಕೆ ಗೋಣಿ ಚೀಲ ಕಟ್ಟಿಕೊಳ್ಳುತ್ತಾರೆ. ಅದು ತುಂಬಿದ ಹಾಗೆಲ್ಲ ಬಗ್ಗಿ, ಬಿಚ್ಚಿ, ಎತ್ತಿ ದೊಡ್ಡ ಮೂಟೆಗೆ ಸುರಿಯಬೇಕು. ದಿನಕ್ಕೆ ಎಷ್ಟು ಸಲವೋ ಏನೋ. ಭಾರವೆಲ್ಲ ಸೊಂಟದ ಮೇಲೇ ಬೀಳದೆ ಹೆಗಲಿಗೂ ಹಂಚಿ ಹೋಗುವಂತೆ, ಚೀಲದ ತಳ ಒಂದೇ ಹಗ್ಗ ಎಳೆದರೆ ತೆರೆದುಕೊಳ್ಳುವಂತೆ ಹೊಲಿದರೆ ಹೇಗೆ ಅಂತ ನನಗೆ ಅನ್ನಿಸಿತು. ಎರಡು ಮೂರು ಸಲ ಹೊಲಿದು, ಬಿಚ್ಚಿ, ಕೊನೆಗೆ ಒಂದು ಚೀಲ ಸರಿಯಾಗಿ ಬಂತು.

ಅದನ್ನು ಮೊದಲು ಕೊಟ್ಟಿದ್ದು ವಾರಿಜಳಿಗೆ. ಬಾಳೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಕೆಲಸ ಮಾಡುವ ಅವಳು ಹತ್ತು ವರ್ಷದಿಂದ ನನ್ನ ಹತ್ತಿರವೇ ರವಿಕೆ ಹೊಲಿಸುವವಳು. "ಒಂದು ವಾರ ಕಟ್ಟಿ ನೋಡು ಮಾರಾಯ್ತಿ, ಎಂತ ತೊಂದರೆ ಇದ್ರೂ ಹೇಳು" ಅಂತ ಕೊಟ್ಟೆ.

ವಾರದ ನಂತರ ವಾರಿಜ ಚೀಲ ವಾಪಸ್ಸು ತಂದಳು. ನೋಡಿದರೆ ಚೀಲದ ಒಂದು ಪಕ್ಕಕ್ಕೆ ಹಳೇ ಸೀರೆಯ ಅಂಚನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಯ ಹಾಗೆ ದಬ್ಬಳದಲ್ಲಿ ಹೊಲಿದಿದ್ದಾಳೆ! ಪಟ್ಟಿಯ ತುದಿಗೆ ತಂತಿ ಬಗ್ಗಿಸಿ ಮಾಡಿದ ಕೊಕ್ಕೆ. ಇನ್ನೊಂದು ಪಕ್ಕಕ್ಕೆ ಒಂದು ಬಳೆಯಂಥ ರಿಂಗು.

"ಇದೆಂತದೇ?" ಅಂದೆ.

"ಹಗ್ಗ ಎಳೆಯೋದು ಚೆನ್ನಾಗದೆ ಅಕ್ಕ. ಆದ್ರೆ ರೋಬಸ್ಟಾ ಗಿಡ ಎತ್ತರ ಅಲ್ವಾ, ಒಂದು ಕೈಲಿ ಗೆಲ್ಲು ಬಗ್ಗಿಸಿ ಹಿಡ್ಕೊಂಡು ಇನ್ನೊಂದು ಕೈಲಿ ಕುಯ್ಬೇಕು. ಈ ಪಟ್ಟಿ ಗೆಲ್ಲಿನ ಮೇಲಿಂದ ಹಾಕಿ ರಿಂಗಿಗೆ ಸಿಕ್ಕಿಸಿದ್ರೆ ಚೀಲದ ಭಾರಕ್ಕೆ ಗೆಲ್ಲು ತಾನಾಗೇ ಬಗ್ತದೆ. ಎರಡೂ ಕೈ ಸಿಗ್ತದೆ. ನನ್ನ ಹೆಗಲ ಭಾರಾನೂ ಅರ್ಧ ಗೆಲ್ಲಿಗೆ ಹೋಗ್ತದೆ." ಮೊದಲ ದಿನ ಬರೀ ಹಗ್ಗ ಕಟ್ಟಿ ಕೊಂಬೆಯೊಂದನ್ನು ಮುರಿದು ಮೇಸ್ತ್ರಿ ಹತ್ತಿರ ಬೈಸಿಕೊಂಡಳಂತೆ. ಅದಕ್ಕೇ ಅಗಲದ ಬಟ್ಟೆ ಪಟ್ಟಿ.

ನಾನು ಹಳೇ ಅಂಚು ಬಿಚ್ಚಿ ಗಟ್ಟಿ ಬ್ಯಾಗ್ ಪಟ್ಟಿ ಹಾಕಿದೆ, ಒಳ್ಳೆಯ ಸ್ಟೀಲ್ ಕೊಕ್ಕೆ ತರಿಸಿದೆ. ವಾರಿಜಳಿಗೆ ಹೊಸದೊಂದು ಚೀಲ ಹೊಲಿದು ಸುಮ್ಮನೇ ಕೊಟ್ಟೆ. ಅವಳು ಖುಷಿಯಿಂದ ತೆಗೆದುಕೊಂಡು ಹೋದಳು. ಅಲ್ಲಿಗೆ ಅವಳ ಲೆಕ್ಕ ಮುಗಿಯಿತು ಅಂತ ನಾನಂದುಕೊಂಡೆ. ತಿಂಗಳೊಪ್ಪತ್ತಿನಲ್ಲಿ ಅದು ನನ್ನ ಬಾಯಲ್ಲಿ "ನನ್ನ ಚೀಲ" ಆಗಿಹೋಗಿತ್ತು.

ಮೂಡಿಗೆರೆಯಲ್ಲಿ ಬೆಳೆಗಾರರಿಗಾಗಿ ಸ್ವಲ್ಪ ದಿನದಲ್ಲೇ ಒಂದು ವಸ್ತುಪ್ರದರ್ಶನ ನಡೆಯುವುದಿತ್ತು. ಅದರಲ್ಲಿ ಸಣ್ಣದೊಂದು ಸ್ಟಾಲ್ ಹಿಡಿದಿದ್ದೆ. ಅಷ್ಟರಲ್ಲಿ ಚಿಕ್ಕಮಗಳೂರಿನಲ್ಲಿ ತೋಟದ ಸಾಮಾನಿನ ವ್ಯಾಪಾರ ಮಾಡುವವರೊಬ್ಬರಿಗೆ ಯಾರಿಂದಲೋ ಸುದ್ದಿ ಮುಟ್ಟಿ, ಅವರು ಫೋನ್ ಮಾಡಿ, "ಒಂದು ಸ್ಯಾಂಪಲ್ ಕಳ್ಸಿಯಮ್ಮ, ಹಿಡಿಸಿದ್ರೆ ದೊಡ್ಡ ಆರ್ಡರ್ ಕೊಡ್ತೀನಿ" ಅಂದಿದ್ದರು. ಚೀಲವೊಂದನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಕೊಡಲು ಟೇಬಲ್ ಮೇಲಿಟ್ಟಿದ್ದೆ.

ಅವತ್ತು ಬೆಳಿಗ್ಗೆ ಅಂಗಡಿ ಮುಂದೆ ಕಾರೊಂದು ನಿಂತಿತು. ರೇಷ್ಮೆ ಸೀರೆ ಉಟ್ಟ, ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಸೆರಗನ್ನು ಬಿಗಿಯಾಗಿ ಹೊದ್ದು ಇಳಿದು ಬಂದರು. ಕಳಸದಲ್ಲಿ ಮದುವೆಯಂತೆ, ದಾರಿಯಲ್ಲಿ ರವಿಕೆಯ ಪಕ್ಕದ ಹೊಲಿಗೆ ಬಿಟ್ಟುಕೊಂಡಿತ್ತು. "ಹತ್ತು ನಿಮಿಷದಲ್ಲಿ ಆಗತ್ತಾ? ಹೋದ ವರ್ಷ ಸರಿಯಾಗಿತ್ತು, ಈ ವರ್ಷ ನಾನು ದಪ್ಪ ಆಗಿದೀನಿ" ಅಂತ ತಾವೇ ನಕ್ಕರು.

ನಾನು ಹೊಲಿಯುವಾಗ ಅವರು ನನ್ನ ಶಾಲು ಹೊದ್ದು ಕುಳಿತು ಗೋಡೆಯ ಚೀಲವನ್ನೇ ನೋಡುತ್ತಿದ್ದರು. ಏನು ಅಂತ ಕೇಳಿದರು. ಕೇಳಿದ್ದೇ ಸಾಕು ಅಂತ ನಾನು ಹೊಲಿಗೆ ನಿಲ್ಲಿಸಿ, ಚೀಲ ಹಾಕಿಕೊಂಡು, ಹಗ್ಗ ಎಳೆದು, ಪಟ್ಟಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಲ್ಲ ತೋರಿಸಿದೆ. ಅವರು ಎದ್ದು ಬಂದು ಕೊಕ್ಕೆ, ರಿಂಗು ಎಲ್ಲ ಮುಟ್ಟಿ ನೋಡಿ, "ಇದನ್ನ ಯಾರ್ಯಾರಿಗೆ ತೋರ್ಸಿದೀರಿ?" ಅಂದರು.

ಟೇಬಲ್ ಮೇಲಿನ ಕಟ್ಟು ತೋರಿಸಿ, ತೋಟದಲ್ಲಿ ಒಬ್ಬಳು ಕಟ್ಟಿ ನೋಡುತ್ತಿರುವುದನ್ನೂ ಸ್ಟಾಲಿನ ವಿಷಯವನ್ನೂ ಹೇಳಿದೆ.

"ಆ ಪಾರ್ಸೆಲ್ ಇವತ್ತು ಕಳಿಸ್ಬೇಡಿ" ಅಂದರು.

ನನಗೆ ಒಂದು ಕ್ಷಣ ಸಂಶಯವೇ ಬಂತು. ಗುರುತಿಲ್ಲ ಪರಿಚಯವಿಲ್ಲ, ಇವರ್ಯಾರು ನನ್ನ ವ್ಯಾಪಾರಕ್ಕೆ ಅಡ್ಡ ಬರೋದಕ್ಕೆ? ಆಗ ಅವರು ತಮ್ಮ ಕೆಲಸ ಹೇಳಿದರು. ಪೇಟೆಂಟ್ ಅರ್ಜಿಗಳನ್ನು ಬರೆದುಕೊಡುವುದೇ ಅವರ ಉದ್ಯೋಗ. ಹೆಸರು ಎಲ್ಲೂ ಬರೆಯಬೇಡಿ ಅಂದಿರುವುದರಿಂದ ಇಲ್ಲಿ ಮೇಡಂ ಅಂತಲೇ ಬರೆಯುತ್ತೇನೆ.

"ಹೊಸದು ಅನ್ನೋದು ಒಂದು ಸಲ ಎಲ್ಲರ ಮುಂದೆ ಇಡೋವರೆಗೆ ಮಾತ್ರ. ನೀವೇ ಇಟ್ಟಿದ್ರೂ ಅಷ್ಟೇ. ಸ್ಟಾಲಲ್ಲಿ ಇಟ್ಟು ಆಮೇಲೆ ಅರ್ಜಿ ಹಾಕಿದ್ರೆ, ಇದು ಜನಕ್ಕೆ ಆಗ್ಲೇ ಗೊತ್ತಿತ್ತಲ್ಲ ಅಂತ ಕೇಳ್ತಾರೆ. ಪರೀಕ್ಷೆಗೆ ಅಂತ ತೋಟದಲ್ಲಿ ಒಬ್ಬರು ಕಟ್ಟಿದ್ದು ಬೇರೆ ಮಾತು, ಅದಕ್ಕೆ ಉತ್ತರ ಹೇಳಬಹುದು. ಮದುವೆ ಮುಗಿಸ್ಕೊಂಡು ನಾನೇ ಬರ್ತೀನಿ, ಮೊದಲು ತಾತ್ಕಾಲಿಕ ಅರ್ಜಿ ಅಂತ ಹಾಕೋಣ. ಪೂರ್ತಿ ವಿವರ ಕೊಡೋಕೆ ಒಂದು ವರ್ಷ ಟೈಮ್ ಇರತ್ತೆ. ಅರ್ಜಿ ಒಳಗೆ ಹೋದ ಮೇಲೆ ಊರಿಗೆಲ್ಲ ತೋರ್ಸಿ."

"ಮೇಡಂ, ನಾನು ಟೈಲರು. ಎಸ್ಸೆಸ್ಸೆಲ್ಸಿ ಫೇಲು. ಪೇಟೆಂಟ್ ಅಂದ್ರೆ ದೊಡ್ಡ ಕಂಪನಿಯವ್ರಿಗೆ ಅಲ್ವಾ?"

"ಆ ಅರ್ಜಿಯಲ್ಲಿ ನೀವು ಎಷ್ಟು ಓದಿದೀರಿ ಅಂತ ಕೇಳೋ ಜಾಗಾನೇ ಇಲ್ಲ ಕಣ್ರೀ" ಅಂದರು. ಆ ಮಾತು ನನಗೆ ಎಷ್ಟು ಧೈರ್ಯ ಕೊಟ್ಟಿತೆಂದರೆ, ಅವರ ಕಾರು ಹೊರಟ ಕೂಡಲೇ ಪಾರ್ಸೆಲ್ಲಿನ ದಾರ ಬಿಚ್ಚಿ ಚೀಲ ಒಳಗಿಟ್ಟೆ. ಗೋಡೆಯ ಮೇಲಿನದನ್ನೂ ತೆಗೆದೆ.

ಮದುವೆ ಮುಗಿಸಿ ಮೂರನೇ ದಿನ ಮೇಡಂ ಹೇಳಿದ ಹಾಗೇ ಬಂದರು. ನೆಂಟರ ಮನೆಯ ಊಟ ಬಿಟ್ಟು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಚೀಲದ ಚಿತ್ರ ಬರೆದುಕೊಂಡರು. ಆಮೇಲೆ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಯಾವುದೋ ದೇಶದ ಸೇಬಿನ ತೋಟ. ಅಲ್ಲಿಯವರ ಹೆಗಲಿಗೂ ನನ್ನದರಂಥದೇ ಚೀಲ, ತಳ ತೆರೆದುಕೊಳ್ಳುವಂಥದು.

"ಹಗ್ಗ ಎಳೆದು ತಳ ತೆಗೆಯೋದು ಆಗ್ಲೇ ಇದೆ. ನೀವು ನೋಡಿ ಮಾಡಿದ್ದಲ್ಲ, ನಂಗೊತ್ತು. ಆದ್ರೆ ಅದನ್ನ ಹೊಸದು ಅನ್ನೋಕಾಗಲ್ಲ" ಅಂದರು.

ನನ್ನ ಮುಖ ಸಪ್ಪಗಾಯಿತು. ಅವರು ಪಟ್ಟಿಯನ್ನು ಎತ್ತಿ ಹಿಡಿದು, "ಆದ್ರೆ ಇದು! ಹಣ್ಣಿನ ಭಾರದಿಂದಲೇ ಗೆಲ್ಲು ಬಗ್ಗಿಸೋದು, ಗೆಲ್ಲಿನ ಮೇಲೆ ಭಾರ ಹಾಕಿ ಹೆಗಲು ಹಗುರ ಮಾಡೋದು. ಮೂರು ದಿನ ಹುಡುಕಿದೆ, ನಂಗೆ ಎಲ್ಲೂ ಸಿಗ್ಲಿಲ್ಲ. ಅರ್ಜಿಯ ಜೀವ ಇದೇ. ಇದು ಯಾರಿಗೆ ಹೊಳೀತು?" ಅಂದರು.

ತಳದ ಹಗ್ಗ ಕೈ ಬಿಟ್ಟು ಹೋಗಿತ್ತು. ಇದನ್ನೂ ಬಿಟ್ಟರೆ ನನ್ನದು ಅಂತ ಏನು ಉಳಿಯುತ್ತದೆ? "ನಂಗೇ ಮೇಡಂ" ಅಂದುಬಿಟ್ಟೆ.

ಅವರು ಬರೆದುಕೊಂಡರು. "ನಾಳೆ ಬೆಳಿಗ್ಗೆ ಯಾರಾದ್ರೂ ತೋಟದಲ್ಲಿ ಇದನ್ನ ಕಟ್ಟಿ ಕುಯ್ಯೋದನ್ನ ನೋಡ್ಬೇಕಲ್ಲ. ನೋಡದೆ ಬರೆದ್ರೆ ತಪ್ಪಾಗತ್ತೆ" ಅಂದರು. ಆ ಚೀಲ ಕಟ್ಟುತ್ತಿದ್ದವಳು ಒಬ್ಬಳೇ. ಇಲ್ಲ ಅನ್ನಲು ನೆಪ ಸಿಗಲಿಲ್ಲ.

ಮರುದಿನ ಬಾಡಿಗೆ ಜೀಪಿನಲ್ಲಿ ಬಾಳೂರಿಗೆ ಹೋಗುವಾಗ ಮೇಡಂ ಕಿಟಕಿಯಿಂದ ನೋಡುತ್ತ ಏನೇನೋ ಕೇಳುತ್ತಿದ್ದರು, ನಾನು ಹೂಂ ಹೂಂ ಅನ್ನುತ್ತಿದ್ದೆ ಅಷ್ಟೆ. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ನನ್ನ ಗುರುತಿನವರು, ಅರ್ಧ ಗಂಟೆ ಅಂತ ಒಳಗೆ ಬಿಟ್ಟರು.

ನನ್ನ ಚೀಲವನ್ನು ತೋಟದಲ್ಲಿ ಅಲ್ಲಿಯವರೆಗೆ ನಾನೂ ನೋಡಿರಲಿಲ್ಲ. ಇಳಿಜಾರಿನಲ್ಲಿ ವಾರಿಜ ಎಡಗಾಲನ್ನು ಗಿಡದ ಬುಡಕ್ಕೆ ಒತ್ತಿ ನಿಂತು ಪಟ್ಟಿಯನ್ನು ಗೆಲ್ಲಿನ ಮೇಲೆ ಬೀಸಿದಳು. ನೋಡದೆಯೇ ಕೊಕ್ಕೆ ರಿಂಗಿಗೆ ಸೇರಿತು. ತಲೆಯ ಮೇಲಿದ್ದ ಗೆಲ್ಲು ನಿಧಾನ ಎದೆಯ ಮಟ್ಟಕ್ಕೆ ಇಳಿಯಿತು. ಎರಡೂ ಕೈ ಎಷ್ಟು ಚುರುಕಾಗಿ ಓಡಿದವೆಂದರೆ ಹಣ್ಣು ಚೀಲಕ್ಕೆ ಬೀಳುವ ಸದ್ದು ನಿಲ್ಲಲೇ ಇಲ್ಲ. ಮುಗಿದ ಕೂಡಲೇ ಹೆಬ್ಬೆರಳಲ್ಲಿ ಒಂದು ತಳ್ಳು, ಗೆಲ್ಲು ಸೊಯ್ಯನೆ ಮೇಲಕ್ಕೆ. ಒಂದು ಎಲೆಯೂ ಹರಿದಿರಲಿಲ್ಲ. ಪಕ್ಕದ ಸಾಲಿನ ಹೆಂಗಸರು ಒಂದು ಗೆಲ್ಲು ಮುಗಿಸುವುದರೊಳಗೆ ಇವಳು ಎರಡನೆಯದರಲ್ಲಿದ್ದಳು.

ಮೇಡಂ ಇನ್ನೆರಡು ಗೆಲ್ಲು ಮುಗಿಯುವವರೆಗೂ ನೋಡುತ್ತ ಏನೋ ಬರೆದುಕೊಂಡರು. ಆಮೇಲೆ ಹತ್ತಿರ ಹೋಗಿ, "ಈ ಪಟ್ಟಿ ಯಾರ ಉಪಾಯ ಅಮ್ಮ?" ಅಂದರು.

ವಾರಿಜ ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಿದೆ. "ಟೈಲರ್ ಅಕ್ಕಂದೇ ಮೇಡಂ" ಅಂದಳು. "ಅವ್ರು ಹೇಳಿದ ಹಾಗೆ ಕಟ್ಟಿದವಳು ನಾನು, ಅಷ್ಟೇ."

ಇಷ್ಟು ವರ್ಷದಲ್ಲಿ ನನಗೆ ಯಾರು ಯಾರೋ ಬೈದಿದ್ದಾರೆ. ಅಳತೆ ತಪ್ಪಿದ್ದಕ್ಕೆ ಮದುಮಗಳ ತಾಯಿ ರವಿಕೆಯನ್ನು ಮುಖಕ್ಕೆ ಎಸೆದದ್ದೂ ಇದೆ. ಆದರೆ ಆ ಮಾತು ಕೇಳಿದಾಗ ಆದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಅವಳು ದೂರು ಹೇಳಿದ್ದರೆ ನಾನು ವಾದ ಮಾಡುತ್ತಿದ್ದೆನೋ ಏನೋ.

"ಸುಳ್ಳು ಮೇಡಂ" ಅಂದೆ. "ಪಟ್ಟಿ ಇವಳದೇ. ಹಳೇ ಸೀರೆ ಅಂಚಲ್ಲಿ ದಬ್ಬಳದಿಂದ ಹೊಲ್ಕೊಂಡು ಬಂದಿದ್ಲು. ನಾನು ನಿನ್ನೆ ನಿಮಗೆ ಸುಳ್ಳು ಹೇಳ್ದೆ."

ಮೇಡಂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮರದ ದಿಮ್ಮಿಯ ಮೇಲೆ ಕುಳಿತು ಕಾಗದ ತೆಗೆದರು. "ನಿಜವಾಗಿ ಮೊದಲು ಕಂಡುಹಿಡಿದವರು ಯಾರು ಅಂತ ಇಲ್ಲಿ ಸಹಿ ಮಾಡಿ ಹೇಳ್ಬೇಕು. ಬೇರೆಯವರ ಹೆಸರು ಹಾಕಿದ್ರೆ ಮುಂದೆ ಯಾವತ್ತಾದ್ರೂ ಇಡೀ ಪೇಟೆಂಟೇ ಬಿದ್ದು ಹೋಗಬಹುದು. ನೀವು ಈಗ ಹೇಳಿದ್ದು ಒಳ್ಳೇದಾಯ್ತು" ಅಂತಷ್ಟೇ ಅಂದರು. ನನ್ನ ಹೆಸರನ್ನು ಹೊಡೆದು ಹಾಕುತ್ತಾರೆ ಅಂತ ಕಾಯುತ್ತಿದ್ದೆ. ಅವರು ಹೊಡೆಯಲಿಲ್ಲ. ಭಾರ ಹೆಗಲಿಗೆ ಹಂಚುವ ಚೀಲವೂ ಪಟ್ಟಿಯೂ ಸೇರಿಯೇ ಕೆಲಸ ಮಾಡುವುದರಿಂದ ಇಬ್ಬರ ಹೆಸರೂ ಬೇಕು ಅಂದು, ವಾರಿಜಳ ಹೆಸರನ್ನು ಮೊದಲು ಬರೆದು, ಕೆಳಗೆ ನನ್ನದನ್ನು ಬರೆದರು.

ಅರ್ಜಿ ಸಲ್ಲಿಕೆಯಾಗಿ ನಂಬರ್ ಬಂತು. ನಾವಿಬ್ಬರೂ ಎಷ್ಟು ಹೇಳಿದರೂ ಮೇಡಂ ತಮ್ಮ ಫೀಸು ತೆಗೆದುಕೊಳ್ಳಲಿಲ್ಲ. ಪ್ರದರ್ಶನಕ್ಕೆ ಇನ್ನು ಎರಡು ದಿನವಿತ್ತು. ಮಾರಾಟದ ವಿಷಯದಲ್ಲಿ ವಾರಿಜ ಎಂಥ ಚತುರೆ ಅಂತ ಗೊತ್ತಾಗಿದ್ದು ಆಗಲೇ. ನಾನು "ಬೆನ್ನುನೋವಿಗೆ ಪರಿಹಾರ" ಅಂತ ದೊಡ್ಡ ಬೋರ್ಡು ಬರೆಸಿದ್ದೆ. ಅವಳು ಅದನ್ನು ಓದಿ ತಲೆ ಅಲ್ಲಾಡಿಸಿದಳು.

"ಬೆನ್ನು ನಮ್ದು ಅಕ್ಕ, ಚೀಲ ತಗೊಳ್ಳೋದು ತೋಟದವ್ರು. ಗೆಲ್ಲು ಮುರಿಯಲ್ಲ ಅಂತ ಬರೀರಿ. ಮುಂದಿನ ವರ್ಷದ ಫಸಲು ಅದ್ರಲ್ಲೇ ಅಲ್ವಾ ಇರೋದು."

ಬೋರ್ಡು ತಿರುಗಿಸಿ ಹಿಂದುಗಡೆ ಹಾಗೇ ಬರೆದೆವು. ಅವಳು ರೈಟರ್ ಹತ್ತಿರ ಕೇಳಿ, ತೆಗೆಯಲಿದ್ದ ಒಂದು ಹಳೇ ರೋಬಸ್ಟಾ ಗಿಡವನ್ನೇ ಕೀಳಿಸಿ ತಂದು ಸ್ಟಾಲಿನಲ್ಲಿ ಡ್ರಮ್ಮಿನೊಳಗೆ ನಿಲ್ಲಿಸಿದಳು. ರಜೆ ಹಾಕಿ, ಚೀಲ ಕಟ್ಟಿ, ಪ್ರದರ್ಶನದ ಮೂರೂ ದಿನ ಅದರ ಗೆಲ್ಲು ಬಗ್ಗಿಸಿ ಬಿಟ್ಟು ತೋರಿಸಿದಳು. ನಾನು ವಿವರಿಸಲು ಹೋದರೆ ಬೆಳೆಗಾರರು ಕೇಳುತ್ತಲೇ ಮುಂದೆ ಹೋಗುತ್ತಿದ್ದರು, ಅವಳು ಪಟ್ಟಿ ಬೀಸಿದರೆ ನಿಲ್ಲುತ್ತಿದ್ದರು. ವಯಸ್ಸಾದ ಬೆಳೆಗಾರರೊಬ್ಬರಂತೂ "ನಾನೊಂದು ಸಲ ನೋಡ್ತೀನಿ ತಡಿಯಮ್ಮ" ಅಂತ ತಾವೇ ಚೀಲ ಕಟ್ಟಿಕೊಂಡು ಮಕ್ಕಳ ಹಾಗೆ ಮತ್ತೆ ಮತ್ತೆ ಗೆಲ್ಲು ಬಗ್ಗಿಸಿದರು. ತಮ್ಮ ತೋಟದ ಅಷ್ಟೂ ಜನಕ್ಕೆ ಬೇಕು ಅಂತ ಅಲ್ಲೇ ಹೇಳಿದರು. ಚಿಕ್ಕಮಗಳೂರಿನ ವ್ಯಾಪಾರಿಗೆ, ನಕಲು ಮಾಡುವುದಿಲ್ಲ ಅಂತ ಮೇಡಂ ಬರೆದುಕೊಟ್ಟ ಕರಾರಿಗೆ ಸಹಿ ಹಾಕಿಸಿಕೊಂಡ ಮೇಲೆಯೇ ಸ್ಯಾಂಪಲ್ ಕೊಟ್ಟೆವು. ಅವರೂ ಬೇಸರ ಮಾಡದೆ ಸಹಿ ಹಾಕಿದರು.

ವರ್ಷದೊಳಗೆ ಪೂರ್ತಿ ವಿವರದ ಅರ್ಜಿಯೂ ಹೋಗಿದೆ. ಪೇಟೆಂಟ್ ಇನ್ನೂ ಕೈಗೆ ಬಂದಿಲ್ಲ, ಪರಿಶೀಲನೆ ಆಗಬೇಕು, ತಡವಾಗುತ್ತದಂತೆ. ಈಗ ಅಂಗಡಿಯಲ್ಲಿ ಇನ್ನಿಬ್ಬರು ಹೆಂಗಸರು ಹೊಲಿಯುತ್ತಾರೆ. ವಾರಿಜ ನನ್ನ ಪಾಲುದಾರಳು. ಹೊಸ ಬಟ್ಟೆ, ಹೊಸ ಕೊಕ್ಕೆ ಏನೇ ತಂದರೂ ಅವಳು ಕಟ್ಟಿ ನೋಡಿ ಸೈ ಅನ್ನದೆ ಒಂದು ಚೀಲವೂ ಹೊರಗೆ ಹೋಗುವುದಿಲ್ಲ.

ತೋಟದಲ್ಲಿ ನಾನು ನಿಜ ಹೇಳಿದ್ದು ಅವಳಿಗೆ ಗೊತ್ತು. ಆದರೆ ಅದರ ಹಿಂದಿನ ದಿನ ಅಂಗಡಿಯಲ್ಲಿ ಏನು ನಡೆಯಿತು ಅಂತ ಅವಳಿಗೆ ಬಿಡಿಸಿ ಹೇಳುವ ಧೈರ್ಯ ಎರಡು ವರ್ಷ ನನಗೆ ಬಂದಿರಲಿಲ್ಲ. ಮೊನ್ನೆ ಇದನ್ನು ಬರೆದು ಮುಗಿಸಿ, ಪತ್ರಿಕೆಗೆ ಕಳುಹಿಸುವ ಮುಂಚೆ ಅವಳನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ನನ್ನ ಸುಳ್ಳಿನ ಜಾಗ ಬಂದಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ವಾರಿಜ ಕೈಯಲ್ಲಿದ್ದ ಚೀಲದ ದಾರದ ತುದಿ ಕತ್ತರಿಸುತ್ತ, "ಅವತ್ತು ಮೇಡಂ ಕೇಳಿದಾಗ್ಲೇ ಗೊತ್ತಾಗಿತ್ತಲ್ಲ ಅಕ್ಕ" ಅಂದಳು. "ನೀವು ಮೊದ್ಲೇ ನನ್ನ ಹೆಸರು ಹೇಳಿದ್ದಿದ್ರೆ ಮೇಡಂ ಅಷ್ಟು ದೂರ ಬಂದು ಮತ್ತೆ ಎಂತಕ್ಕೆ ಕೇಳ್ತಿದ್ರು?"

ಗೊತ್ತಿದ್ದೂ ಅವಳು ಅವತ್ತು ನನ್ನ ಹೆಸರನ್ನೇ ಹೇಳಿದ್ದಳು.